ಹೊಸ ಹಿಮ, ಹಳೆಯ ಪದರ

ಹಿಮಾಲಯದ ಇಳಿಜಾರುಗಳಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಬೀಳುವ ಹಿಮ ಪದರ ಪದರವಾಗಿ ಕೂರುತ್ತದೆ. ಒಂದು ಸಲ ಬಿದ್ದದ್ದು ಒಂದು ಪದರ. ಆಮೇಲೆ ನಾಲ್ಕು ದಿನ ಬಿಸಿಲು ಕಾದರೆ ಅದರ ಮೈ ಕರಗಿ, ರಾತ್ರಿ ಹೆಪ್ಪುಗಟ್ಟಿ, ನುಣುಪಾದ ಗಟ್ಟಿ ಪೊರೆಯಾಗುತ್ತದೆ. ಗಾಳಿ ಎದ್ದರೆ ಏಣಿನ ಆ ಬದಿಯ ಹಿಮ ಈ ಬದಿಗೆ ಬಂದು ಒತ್ತಾಗಿ ಕೂರುತ್ತದೆ. ಚಳಿ ಕಡುವಾದರೆ ಮೇಲ್ನೋಟಕ್ಕೆ ಏನೂ ಗೊತ್ತಾಗದಂತೆ ತಳದ ಹಿಮವೇ ತನ್ನ ರೂಪ ಬದಲಿಸಿಕೊಳ್ಳುತ್ತದೆ. ಫೆಬ್ರುವರಿಯಲ್ಲಿ ಅಂಥ ಇಳಿಜಾರನ್ನು ಕಡಿದು ನೋಡಿದರೆ ನವೆಂಬರಿನ ಹವೆ ಯಾವುದು, ಹೊಸ ವರ್ಷದ ವಾರದ ಹವೆ ಯಾವುದು ಎಂದು ಬೆರಳಿಟ್ಟು ತೋರಿಸಬಹುದು.

ಹಿಮಕುಸಿತದ ಮರುದಿನ ಪತ್ರಿಕೆಗಳಲ್ಲಿ ಬರುವುದು ಹಿಂದಿನ ರಾತ್ರಿ ಎಷ್ಟು ಅಡಿ ಹಿಮ ಬಿತ್ತು ಎಂಬ ಲೆಕ್ಕ. ಆ ಲೆಕ್ಕ ಬೇಕಾದದ್ದೇ. ಕೊನೆಯ ಭಾರ ಹೇರುವುದು ಆ ಹಿಮವೇ. ಆದರೆ ಭಾರ ತಾಳಲಾರದೆ ಮುರಿಯುವ ಪದರ ಎಷ್ಟೋ ಸಲ ವಾರಗಳ, ಕೆಲವೊಮ್ಮೆ ತಿಂಗಳುಗಳ ಹಿಂದಿನದಾಗಿರುತ್ತದೆ. ಕರ್ನಾಟಕದ ಮನೆಗಳಿಗೂ ಸಾವಿನ ಸುದ್ದಿ ತಂದ ಕುಸಿತಗಳು ಇಲ್ಲಿಯ ಜನರ ನೆನಪಿನಲ್ಲಿ ಉಳಿದಿರುವುದು ತಾರೀಖುಗಳಾಗಿ: 2016ರ ಫೆಬ್ರುವರಿ, 2022ರ ಅಕ್ಟೋಬರ್. ಅವನ್ನು ಇಸವಿಗಳ ಸಾಲಿನಿಂದ ಎತ್ತಿ ಹಿಮದ ಋತುಗಳ ಸಾಲಿನಲ್ಲಿ ಇಟ್ಟು ನೋಡಿದರೆ ಹೆಚ್ಚು ತಿಳಿಯುತ್ತದೆ.

ಕುಸಿತಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಡಿಲ ಹಿಮ ಒಂದು ಚುಕ್ಕೆಯಿಂದ ಹೊರಟು ಕೆಳಗೆ ಅಗಲವಾಗುತ್ತ ಜಾರುವುದು ಒಂದು. ಇದು ಕಣ್ಣಿಗೆ ಕಾಣುತ್ತದೆ, ಸಾಮಾನ್ಯವಾಗಿ ಚಿಕ್ಕದು. ಇನ್ನೊಂದು, ಗಟ್ಟಿಯಾದ ಮೇಲ್ಹಾಸು ಇಡಿಯಾಗಿ ಬಿರುಕುಬಿಟ್ಟು ಕಳಚಿಕೊಳ್ಳುವುದು. ಬೆಟ್ಟದಲ್ಲಿ ಜನರನ್ನು ಕೊಲ್ಲುವುದು ಬಹುಪಾಲು ಈ ಎರಡನೆಯದೇ. ಇದಕ್ಕೆ ಮೂರು ಕೂಡಿ ಬರಬೇಕು: ಮೇಲೊಂದು ಹಾಸು, ಅದರಡಿ ಹಿಡಿತವಿಲ್ಲದ ಪದರ, ಸಾಕಷ್ಟು ಕಡಿದಾದ ಇಳಿಜಾರು. 30 ಡಿಗ್ರಿಯಿಂದ 45 ಡಿಗ್ರಿಯವರೆಗಿನ ಇಳಿಜಾರಿನಲ್ಲಿ ಹೆಚ್ಚಿನ ಕುಸಿತಗಳು ಹುಟ್ಟುತ್ತವೆ. 38 ಡಿಗ್ರಿಯ ಆಸುಪಾಸು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕಿಂತ ತುಂಬ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಬಿದ್ದಂತೆಲ್ಲ ಉದುರಿಹೋಗುತ್ತದೆ. 25 ಡಿಗ್ರಿಯೊಳಗೆ ಕುಸಿತ ಹುಟ್ಟುವುದು ಅಪರೂಪ. ಇದರಿಂದ ಸಮತಟ್ಟು ಜಾಗ ಸುರಕ್ಷಿತ ಎಂದು ಮಾತ್ರ ತಿಳಿಯಬಾರದು. ಮೇಲೆ ಹುಟ್ಟಿದ್ದು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿದು, ಕಣಿವೆಯ ತಳ ದಾಟಿ, ಎದುರು ದಡವನ್ನೂ ಏರಿದ ಉದಾಹರಣೆಗಳಿವೆ. ನಿಂತ ನೆಲ ಎಷ್ಟು ಕಡಿದಾಗಿದೆ ಎನ್ನುವುದಕ್ಕಿಂತ ನೆತ್ತಿಯ ಮೇಲೆ ಏನಿದೆ ಎನ್ನುವುದು ದೊಡ್ಡ ಪ್ರಶ್ನೆ.

ಎತ್ತರದ ಪರ್ವತಗಳಲ್ಲಿ ಮುಂಗಾರು ಹಿಂದೆಗೆಯುವ ಹೊತ್ತಿಗೇ ಹಿಮದ ವರ್ಷ ಶುರುವಾಗುತ್ತದೆ. ಬಯಲಿನಲ್ಲಿ ದಸರೆಯ ರಜೆ, ಆಕಾಶ ತಿಳಿ, ಪರ್ವತಾರೋಹಣ ಸಂಸ್ಥೆಗಳ ತರಬೇತಿಗೆ ಇದೇ ಸರಿಯಾದ ಕಾಲ. 2022ರ ಅಕ್ಟೋಬರ್ 4ರಂದು, ವಿಜಯದಶಮಿಯ ಹಿಂದಿನ ದಿನ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ಡಂಡಾ-2 ಶಿಖರದ ಕೊನೆಯ ಏರಿನಲ್ಲಿತ್ತು. ಶಿಖರದ ಎತ್ತರ 5,670 ಮೀಟರ್. ಬೆಳಗಿನ ಒಂಬತ್ತು ಗಂಟೆಯ ಮೊದಲೇ ತುದಿಯ ಕೆಳಗಿನ ಹಿಮದ ಹಾಸು ಕಳಚಿತು. ಹಗ್ಗದಲ್ಲಿ ಸಾಲಾಗಿ ಕಟ್ಟಿಕೊಂಡಿದ್ದವರಲ್ಲಿ ಅನೇಕರನ್ನು ಅದು ಕೆಳಗಿನ ಹಿಮಬಿರುಕಿನೊಳಕ್ಕೆ ತಳ್ಳಿತು. 27 ಜನರ ದೇಹಗಳು ಸಿಕ್ಕವು, ಇಬ್ಬರು ನಾಪತ್ತೆಯಾದರು. ಸತ್ತವರಲ್ಲಿ ಬೆಂಗಳೂರಿನಿಂದ ಹೋಗಿದ್ದ ಇಬ್ಬರು ಯುವಕರಿದ್ದರು. ಬೋಧಕರಾಗಿದ್ದ ಸವಿತಾ ಕಂಸ್ವಾಲ್ ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ 16 ದಿನಗಳ ಅಂತರದಲ್ಲಿ ಹತ್ತಿದ್ದವರು. ಅನುಭವ ಇಲ್ಲದವರು ಮಾತ್ರ ಸಿಕ್ಕಿಬೀಳುತ್ತಾರೆ ಎಂಬ ಮಾತನ್ನು ಆ ಹೆಸರೊಂದೇ ಸುಳ್ಳು ಮಾಡುತ್ತದೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಹಿಮಕ್ಕೆ ಒಂದು ವಿಶೇಷ ಗುಣವಿದೆ. ಹಿಂದಿನ ಚಳಿಗಾಲದ ಹಳೆಯ ಹಿಮವೋ ನೀರ್ಗಲ್ಲೋ ಕೆಳಗೆ ಗಟ್ಟಿಯಾಗಿ, ಜಾರುವಂತೆ ಮಲಗಿರುತ್ತದೆ. ಅದರ ಮೇಲೆ ಬಿದ್ದ ಹೊಸ ಹಿಮಕ್ಕೆ ಅಂಟಿಕೊಳ್ಳಲು ದಿನಗಳು ಬೇಕು. ಸುತ್ತಲ ಕಣಿವೆಗಳಲ್ಲಿ ಹುಲ್ಲು ಇನ್ನೂ ಇರುವುದರಿಂದ ಚಳಿಗಾಲದ ಎಚ್ಚರ ಯಾರ ಮನಸ್ಸಿಗೂ ಬಂದಿರುವುದಿಲ್ಲ. ನೆರಳಿನ ಬದಿಯಲ್ಲಿ ಹೀಗೆ ಉಳಿದುಕೊಂಡ ಮೊದಲ ಹಿಮವೇ ಮುಂದಿನ ಆರು ತಿಂಗಳ ರಾಶಿಗೆ ಅಡಿಪಾಯ.

ಆ ಅಡಿಪಾಯ ಕೆಡುವ ಬಗೆ ವಿಚಿತ್ರ. ನವೆಂಬರ್, ಡಿಸೆಂಬರಿನಲ್ಲಿ ಅರ್ಧ ಮೀಟರ್ ಹಿಮವಿದೆ ಎಂದುಕೊಳ್ಳೋಣ. ಅದರಡಿಯ ನೆಲ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಮೇಲಿನ ಮೈ ರಾತ್ರಿ ಮೈನಸ್ 20ಕ್ಕೆ ಇಳಿಯಬಹುದು. ಅಂದರೆ ಅರ್ಧ ಮೀಟರಿನೊಳಗೆ 20 ಡಿಗ್ರಿಯ ವ್ಯತ್ಯಾಸ, ಮೀಟರಿಗೆ 40. ಈ ವ್ಯತ್ಯಾಸ ಮೀಟರಿಗೆ 10 ಡಿಗ್ರಿ ದಾಟಿದರೆ ಸಾಕು, ತಳದ ಬೆಚ್ಚನೆಯ ಹಿಮದಿಂದ ನೀರಾವಿ ಎದ್ದು ಮೇಲಿನ ತಣ್ಣನೆಯ ಹರಳುಗಳ ಮೇಲೆ ಕೂರತೊಡಗುತ್ತದೆ. ದುಂಡಗೆ, ಒಂದಕ್ಕೊಂದು ಬೆಸೆದುಕೊಂಡಿದ್ದ ಕಣಗಳು ಅಂಚು ಮೂಡಿ, ಚೂಪಾಗಿ, ದೊಡ್ಡದಾಗಿ, ಒಂದನ್ನೊಂದು ಬಿಟ್ಟು ನಿಲ್ಲುತ್ತವೆ. ಅಂಗೈಗೆ ತೆಗೆದುಕೊಂಡರೆ ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿಯುತ್ತದೆ. ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಒಮ್ಮೆ ಹೀಗಾದ ಪದರ ಮತ್ತೆ ಬಲಗೊಳ್ಳಲು ವಾರಗಟ್ಟಲೆ ಬೇಕು, ಕೆಲವು ಚಳಿಗಾಲಗಳಲ್ಲಿ ಬಲಗೊಳ್ಳುವುದೇ ಇಲ್ಲ.

ಬಯಲುಸೀಮೆಯವರಿಗೆ ನಂಬಲು ಕಷ್ಟವಾಗುವ ಸಂಗತಿ ಇಲ್ಲಿಯೇ ಇದೆ. ಹಿಮ ಕಡಿಮೆ ಬಿದ್ದ ಚಳಿಗಾಲ ಹೆಚ್ಚು ಅಪಾಯದ್ದಾಗಬಹುದು. ರಾಶಿ ದಪ್ಪವಾಗಿದ್ದರೆ ಅದೇ 20 ಡಿಗ್ರಿ ವ್ಯತ್ಯಾಸ ಎರಡು ಮೀಟರಿಗೆ ಹಂಚಿಹೋಗುತ್ತದೆ, ತಳ ಗಟ್ಟಿಯಾಗಿಯೇ ಉಳಿಯುತ್ತದೆ. ತೆಳ್ಳಗಿದ್ದರೆ ಚಳಿ ನೆಲದವರೆಗೂ ಇಳಿದು ತಳವನ್ನೆಲ್ಲ ಪುಡಿಮಾಡಿಡುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಕಡುಚಳಿಯ ಕಾಲ. ಆಗ ಬಿದ್ದ ಹಿಮ ನಿಲ್ಲುತ್ತದೆ, ಬೇಸಿಗೆಗೆ ನೀರಾಗುತ್ತದೆ ಎಂಬುದು ಅಲ್ಲಿಯ ರೈತರ ಲೆಕ್ಕ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬೋಳು ಇಳಿಜಾರಿನ ಚಿತ್ರಗಳು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದವು. ಪ್ರವಾಸಿಗಳು ಕಾಯ್ದಿರಿಸಿದ ಕೋಣೆ ರದ್ದು ಮಾಡಿದರು. ಫೆಬ್ರುವರಿಯಲ್ಲಿ ಹಿಮ ಒಮ್ಮೆಲೇ ಸುರಿದಾಗ ಎಲ್ಲರಿಗೂ ಸಮಾಧಾನ. ಅದೇ ತಿಂಗಳ 22ರಂದು ಅಲ್ಲಿ ಕುಸಿತವಾಗಿ ವಿದೇಶಿ ಸ್ಕೀಗಾರರೊಬ್ಬರು ತೀರಿಕೊಂಡರು. ಬರಗಾಲದಂಥ ಜನವರಿ, ಅದರ ಬೆನ್ನಿಗೇ ಭರ್ತಿ ಹಿಮ: ಇಂಥ ಜೋಡಿ ಬಂದಾಗ ಹೊಸ ಹಿಮವನ್ನು ಕಂಡು ಹಿಗ್ಗುವ ಬದಲು ಒಂದೆರಡು ದಿನ ಕಾಯುವವರೇ ಅನುಭವಸ್ಥರು.

ಹಿಮಾಲಯವೆಲ್ಲ ಒಂದೇ ಬಗೆಯದೂ ಅಲ್ಲ. ಪೀರ್ ಪಂಜಾಲ್ ಸಾಲಿನಲ್ಲಿ ಹಿಮ ಹೇರಳ, ಹವೆ ಹೋಲಿಕೆಯಲ್ಲಿ ಬೆಚ್ಚಗೆ. ಅಲ್ಲಿಯ ಕುಸಿತಗಳು ಹೆಚ್ಚಾಗಿ ಹಿಮ ಸುರಿಯುತ್ತಿರುವಾಗಲೋ ನಿಂತ ಕೂಡಲೋ ಆಗಿ ಮುಗಿಯುತ್ತವೆ. ಕಾರಕೋರಂನಲ್ಲಿ ಚಳಿ ವಿಪರೀತ, ಹಿಮ ಒಣ, ಗಾಳಿ ಜೋರು. ತಳದ ಸಡಿಲ ಪದರ ಇಡೀ ಋತು ಬದುಕಿರುತ್ತದೆ. ನಡುವಿನ ಮಹಾ ಹಿಮಾಲಯ ಎರಡರ ಗುಣವನ್ನೂ ಹಂಚಿಕೊಂಡಿದೆ. ಆದ್ದರಿಂದ ಗುಲ್ಮಾರ್ಗದಲ್ಲಿ ಕಲಿತ ಪಾಠವನ್ನು ಲಡಾಖಿಗೆ ಹಾಗೇ ಒಯ್ಯುವಂತಿಲ್ಲ.

ಸಡಿಲ ಪದರ ಮೇಲಿನ ಮೈಯಲ್ಲೂ ಹುಟ್ಟುತ್ತದೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಯಲ್ಲಿ ನೀರಾವಿಯೇ ಹರಳುಗಟ್ಟಿ ಹಿಮದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಬೆಳಿಗ್ಗೆ ಎಳೆಬಿಸಿಲಿಗೆ ಇಡೀ ಇಳಿಜಾರು ಮಿನುಗುತ್ತದೆ. ಫೋಟೊ ತೆಗೆಯುವವರಿಗೆ ಹಬ್ಬ. ಬಿಸಿಲೋ ಗಾಳಿಯೋ ಅದನ್ನು ಅಳಿಸಿದರೆ ಸರಿ. ಅಳಿಸುವ ಮೊದಲೇ ಮೇಲೆ ಹಿಮ ಬಿದ್ದು ಅದು ಹೂತುಹೋದರೆ, ಒಂದೆರಡು ಸೆಂಟಿಮೀಟರ್ ದಪ್ಪದ ಆ ಪದರ ಮೇಲಿನ ಅಡಿಗಟ್ಟಲೆ ಹಿಮವನ್ನು ಬೀಳಿಸಬಲ್ಲದು.

ಗಾಳಿಯ ಕೆಲಸ ಇನ್ನೂ ಮೋಸದ್ದು. ಆಕಾಶದಿಂದ ಒಂದು ಹಳಕೂ ಬೀಳದ ದಿನವೂ ಗಾಳಿ ಏಣಿನ ಒಂದು ಮೈಯನ್ನು ಗುಡಿಸಿ ಇನ್ನೊಂದು ಮೈಗೆ ಹೇರುತ್ತಿರುತ್ತದೆ. ಏಣಿನ ಅಂಚಿನಲ್ಲಿ ಹಿಮ ಹೊರಚಾಚಿ ಸೂರು ಕಟ್ಟಿಕೊಂಡಿದ್ದರೆ ಅದರಡಿಯ ಬದಿಯೇ ಗಾಳಿಮರೆ, ಹೊಸ ಭಾರ ಬಿದ್ದಿರುವುದು ಅಲ್ಲೇ. ಹೊಡೆತಕ್ಕೆ ಹಿಮದ ಹಳಕುಗಳು ಪುಡಿಪುಡಿಯಾಗಿ ಒತ್ತೊತ್ತಾಗಿ ಕೂರುವುದರಿಂದ ಅಲ್ಲಿ ನಡೆದರೆ ಕಾಲು ಹೂಳುವುದಿಲ್ಲ, ಗಟ್ಟಿ ನೆಲದ ಭ್ರಮೆಯಾಗುತ್ತದೆ.

ಇದನ್ನೆಲ್ಲ ಓದಿ ತಿಳಿಯುವುದಕ್ಕೂ ಕೈಯಿಂದ ಮುಟ್ಟಿ ತಿಳಿಯುವುದಕ್ಕೂ ಅಂತರವಿದೆ. ಸೊಲಾಂಗ್ ಕಣಿವೆಯ ಮೇಲಿನ ಒಂದು ನೆರಳಿನ ಇಳಿಜಾರಿನಲ್ಲಿ ತರಬೇತಿಗೆಂದು ತೆಗೆದ ಗುಂಡಿಯೊಂದು ವರ್ಷಗಳ ನಂತರವೂ ನೆನಪಿನಲ್ಲಿ ಉಳಿದಿರುವುದು ಅದಕ್ಕೇ. ಗುಂಡಿ ಎದೆಮಟ್ಟ. ಬೆಟ್ಟದ ಕಡೆಯ ಗೋಡೆಯನ್ನು ಸಲಿಕೆಯ ಅಂಚಿನಿಂದ ಹೆರೆದು ನುಣ್ಣಗೆ ಮಾಡಿದ ಮೇಲೆ ಪರೀಕ್ಷೆ ಕೈಯಿಂದಲೇ ಶುರು. ಮೇಲಿನ ಪದರಕ್ಕೆ ಮುಷ್ಟಿ ಒತ್ತಿದರೆ ಸಲೀಸಾಗಿ ಒಳಹೋಯಿತು. ಕೆಳಗಿನದಕ್ಕೆ ನಾಲ್ಕು ಬೆರಳು, ಅದರ ಕೆಳಗಿನದಕ್ಕೆ ಒಂದು ಬೆರಳು, ಆಮೇಲಿನದಕ್ಕೆ ಪೆನ್ಸಿಲ್ ಬೇಕಾಯಿತು. ಪೆನ್ಸಿಲೂ ಇಳಿಯದ ಕಡೆ ಚಾಕು. ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು: ಜಗತ್ತಿನ ಎಲ್ಲ ಕಡೆ ಹಿಮದ ಗಡಸುತನ ಬರೆದುಕೊಳ್ಳುವ ಕ್ರಮ ಇದೇ. ಕೆಳಗೆ ಹೋದಂತೆ ಗಡಸು ಹೆಚ್ಚುತ್ತಿದ್ದರೆ ಚಿಂತೆ ಕಡಿಮೆ. ಆ ಗುಂಡಿಯಲ್ಲಿ ಪೆನ್ಸಿಲಿನ ಪದರದ ಕೆಳಗೆ, ಮೊಣಕಾಲ ಮಟ್ಟದಲ್ಲಿ, ಮತ್ತೆ ಮುಷ್ಟಿ ಒಳಹೋಯಿತು. ಹತ್ತು ಸೆಂಟಿಮೀಟರಿಗೊಂದರಂತೆ ಚುಚ್ಚಿದ ಥರ್ಮಾಮೀಟರುಗಳೂ ಅಲ್ಲಿ ಶಾಖ ಬೇಗ ಬದಲಾಗಿರುವುದನ್ನು ತೋರಿಸಿದವು. ಚೌಕಳಿ ಗೆರೆಯ ಕಪ್ಪು ತಗಡಿನ ಮೇಲೆ ಚಿಟಿಕೆ ಹಿಮ ಉದುರಿಸಿ ಭೂತಗನ್ನಡಿ ಹಿಡಿದರೆ ಹರಳುಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಗೀರುಗಳು.

ಆಮೇಲೆ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಂಬವೊಂದನ್ನು ಸುತ್ತಲಿಂದ ಬಿಡಿಸಿ, ಅದರ ಒಂದು ತುದಿಯ ಮೇಲೆ ಸಲಿಕೆಯನ್ನು ಬೋರಲು ಇಟ್ಟು ಬಡಿಯುವುದು. ಮೊದಲ ಹತ್ತು ಏಟು ಮಣಿಕಟ್ಟಿನಿಂದ, ಮುಂದಿನ ಹತ್ತು ಮೊಣಕೈಯಿಂದ, ಕೊನೆಯ ಹತ್ತು ಭುಜದಿಂದ. ಬಿರುಕು ಬಡಿದ ತುದಿಯಲ್ಲೇ ನಿಂತರೆ ಒಂದು ಅರ್ಥ, ಕಂಬದ ಉದ್ದಕ್ಕೂ ಓಡಿದರೆ ಇನ್ನೊಂದು. ಮೊಣಕೈ ಏಟು ಆರಂಭವಾಗಿ ಸ್ವಲ್ಪ ಹೊತ್ತಿಗೇ ಆ ಕಂಬದ ಮೇಲರ್ಧ ಪೂರಾ ಕಳಚಿ ಗುಂಡಿಯೊಳಗಿದ್ದವರ ತೊಡೆಯ ಮೇಲೆ ಜಾರಿತು. ಕಳಚಿದ ಕಡೆ ಮೈ ಕೊಯ್ದಷ್ಟು ನೇರ. ಬೋಧಕರು ಮೇಲಿನ ಇಳಿಜಾರಿನ ಕಡೆ ಗದ್ದ ಎತ್ತಿ ‘ಆಜ್ ಉಧರ್ ನಹೀಂ’ ಎಂದರು. ಶಿಬಿರ ಅವತ್ತು ಕಾಡಿನೊಳಗಿನ ದಾರಿ ಹಿಡಿಯಿತು.

ಗುಂಡಿಯ ಪರೀಕ್ಷೆಗೆ ಮಿತಿಯಿದೆ ಎನ್ನುವುದನ್ನೂ ಅಲ್ಲೇ ಹೇಳಿಕೊಡುತ್ತಾರೆ. ಅದು ಹೇಳುವುದು ಆ ಒಂದು ಜಾಗದ ಮಾತು. ಐವತ್ತು ಹೆಜ್ಜೆ ಆಚೆ ಬಂಡೆಯೊಂದು ಹಿಮದಡಿ ಹೂತಿದ್ದರೆ ಅಲ್ಲಿಯ ಪದರ ತೆಳ್ಳಗೆ, ಹೆಚ್ಚು ಪುಡಿ. ಕೆಟ್ಟ ಫಲಿತಾಂಶ ಬಂದರೆ ಹಿಂದಿರುಗಬೇಕು. ಒಳ್ಳೆಯದು ಬಂತೆಂದು ಬೇರೆ ಲಕ್ಷಣಗಳನ್ನು ಮರೆತು ಮುಂದೆ ಹೋಗುವಂತಿಲ್ಲ. ಆ ಬೇರೆ ಲಕ್ಷಣಗಳು ಯಾವ ಉಪಕರಣವೂ ಇಲ್ಲದೆ ಸಿಗುವಂಥವು. ಅಕ್ಕಪಕ್ಕದ ಅದೇ ದಿಕ್ಕಿನ ಇಳಿಜಾರಿನಲ್ಲಿ ಇವತ್ತೋ ನಿನ್ನೆಯೋ ಕುಸಿತವಾಗಿದೆಯೇ? ಕಾಲಿಟ್ಟಾಗ ಹಿಮದೊಳಗಿಂದ ಗುಮ್ಮೆಂಬ ಸದ್ದು ಬಂತೇ? ಆ ಸದ್ದು ಅಡಿಯ ಪದರ ಕುಸಿದು ಗಾಳಿ ಹೊರಬಿದ್ದದ್ದು. ಇಳಿಜಾರು ಇನ್ನಷ್ಟು ಕಡಿದಾಗಿದ್ದಿದ್ದರೆ ಅಷ್ಟೊತ್ತಿಗೆ ಎಲ್ಲ ಕೆಳಗಿರುತ್ತಿತ್ತು. ಹೆಜ್ಜೆಯಿಂದ ಬಿರುಕು ಮುಂದಕ್ಕೆ ಓಡಿತೇ? ಒಂದು ದಿನದಲ್ಲಿ ಒಂದಡಿಗೂ ಹೆಚ್ಚು ಹಿಮ ಬಿತ್ತೇ? ಇದ್ದಕ್ಕಿದ್ದಂತೆ ಸೆಖೆಯಾಯಿತೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ದಾರಿ ಬದಲಿಸಲು ಸಾಕು.

ಜನವರಿ, ಫೆಬ್ರುವರಿಯಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ, ಮಳೆ-ಹಿಮ ತರುವ ಹವೆಯ ಅಲೆಗಳಾದ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಒಂದರ ಹಿಂದೊಂದು ಬಂದು ಹಳೆಯ ಪದರಗಳ ಮೇಲೆ ಭಾರ ಹೇರುತ್ತವೆ. ದೊಡ್ಡ ದುರಂತಗಳ ಪಟ್ಟಿಯಲ್ಲಿ ಈ ಎರಡು ತಿಂಗಳ ಹೆಸರು ಮತ್ತೆ ಮತ್ತೆ ಬರುವುದು ಅದರಿಂದಲೇ. 2005ರ ಫೆಬ್ರುವರಿಯಲ್ಲಿ ದಕ್ಷಿಣ ಕಾಶ್ಮೀರದ ವಾಲ್ಟೆಂಗು ನಾರ್ ಎಂಬ ಹಳ್ಳಿಯೇ ಹೂತು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರುವರಿ 8ರಂದು ಗುಲ್ಮಾರ್ಗದ ಖಿಲನ್‌ಮಾರ್ಗದಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು. 2022ರ ಫೆಬ್ರುವರಿ 6ರಂದು ಅರುಣಾಚಲದ ಕಮೆಂಗ್‌ನಲ್ಲಿ ಗಸ್ತಿನ ಏಳು ಮಂದಿ.

ಕನ್ನಡಿಗರು ಮರೆಯದಿರುವುದು 2016ರ ಫೆಬ್ರುವರಿ 3. ಸಿಯಾಚಿನ್ ನೀರ್ಗಲ್ಲ ನದಿಯ ವಲಯದಲ್ಲಿ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಬೆಳಗಿನ ಜಾವ ನೀರ್ಗಲ್ಲ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ. ಇದು ಪದರ ಕಳಚಿದ ಕುಸಿತಕ್ಕಿಂತ ಬೇರೆ ಜಾತಿಯದು. ಬಿದ್ದದ್ದು ಹಗುರ ಹಿಮವಾಗಿರದೆ ಬಂಡೆಗಾತ್ರದ ನೀಲಿ ನೀರ್ಗಲ್ಲು. ಅದನ್ನು ಕೊರೆಯಲು ಯಂತ್ರಗಳನ್ನು ಹೆಲಿಕಾಪ್ಟರಿನಲ್ಲಿ ಬಿಡಿಬಿಡಿಯಾಗಿ ಸಾಗಿಸಬೇಕಾಯಿತು. ನೀರ್ಗಲ್ಲು ಮುರಿಯುವುದಕ್ಕೆ ಹವೆಯ ಮುನ್ಸೂಚನೆಯೂ ಹೆಚ್ಚು ನೆರವಾಗದು. ನೂರಕ್ಕೂ ಹೆಚ್ಚು ಸೈನಿಕರು, ಎರಡು ನಾಯಿಗಳು, ನೆಲದಾಳ ನೋಡುವ ರೇಡಾರ್ ಹುಡುಕಿದವು. ಆ ಹೊತ್ತಿಗೆ ದೆಹಲಿಯಿಂದ ಸಂತಾಪ ಸೂಚನೆಯೂ ಪ್ರಕಟವಾಗಿತ್ತು. ಆರನೆಯ ದಿನ, 8ರ ಸಂಜೆ, ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಹೊರಗೆ ಮೈನಸ್ 45 ಡಿಗ್ರಿ. ಮರುದಿನ ದೆಹಲಿಯ ಸೇನಾ ಆಸ್ಪತ್ರೆಗೆ ಕರೆತಂದರು, 11ರಂದು ತೀರಿಕೊಂಡರು. ಆ ಮೂರು ದಿನ ಹುಬ್ಬಳ್ಳಿ, ಧಾರವಾಡದ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ ನಡೆದದ್ದನ್ನು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಎಲ್ಲರ ಬಾಯಲ್ಲಿ ಆಗ ಪವಾಡ ಎಂಬ ಒಂದೇ ಪದ.

ಆ ಪದ ಸಹಜವಾದದ್ದೇ, ಆದರೆ ಅದು ವಿವರಣೆಯನ್ನು ಮುಚ್ಚುತ್ತದೆ. ಹೂತವರನ್ನು ಕೊಲ್ಲುವುದು ಮುಖ್ಯವಾಗಿ ಉಸಿರುಕಟ್ಟು. ಹರಿಯುವಾಗ ಹಗುರವಾಗಿದ್ದ ಹಿಮ ನಿಂತ ಕ್ಷಣದಲ್ಲಿ ಬಿಗಿಯುತ್ತದೆ. ಘನಮೀಟರಿಗೆ 300–400 ಕಿಲೋ ತೂಗುವ ಅದರೊಳಗೆ ಬೆರಳನ್ನೂ ಅಲ್ಲಾಡಿಸಲಾಗದು. ಬಿಟ್ಟ ಉಸಿರಿನ ತೇವವೇ ಬಾಯಿಯ ಸುತ್ತ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಯುರೋಪಿನ ಆಲ್ಪ್ಸ್‌ನ ದಾಖಲೆಗಳ ಪ್ರಕಾರ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ತೆಗೆದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷ ದಾಟಿದರೆ ಮೂರರಲ್ಲಿ ಒಬ್ಬರು. ಅದರಾಚೆ ಬದುಕಬೇಕಾದರೆ ಮುಖದ ಮುಂದೆ ಗಾಳಿಯ ಪೊಳ್ಳು ಇರಲೇಬೇಕು. ಹನುಮಂತಪ್ಪನವರಿಗೆ ಆ ಪೊಳ್ಳು ಡೇರೆಯೊಳಗೆ ಸಿಕ್ಕಿತ್ತು; ಕಡುಚಳಿ ದೇಹದ ಬೇಡಿಕೆಯನ್ನು ತಗ್ಗಿಸಿತ್ತು. 2025ರ ಫೆಬ್ರುವರಿ 28ರ ಬೆಳಗಿನ ಜಾವ ಬದರೀನಾಥದಾಚೆಯ ಮಾಣಾದಲ್ಲಿ ರಸ್ತೆ ಕೆಲಸದ 54 ಮಂದಿಯ ಬಿಡಾರದ ಮೇಲೆ ಹಿಮ ಬಿದ್ದಾಗಲೂ ಆದದ್ದು ಇದೇ. ಮಲಗಿದ್ದ ಕಬ್ಬಿಣದ ಕಂಟೇನರುಗಳು ಉರುಳಿ ನುಜ್ಜಾದರೂ ಒಳಗೆ ಗಾಳಿ ಉಳಿಯಿತು. 46 ಮಂದಿ ಬದುಕಿದರು, ಎಂಟು ಮಂದಿ ಉಳಿಯಲಿಲ್ಲ.

ಮಾಣಾದ ಮಟ್ಟಿಗೆ ಹಿಂದಿನ ಸಂಜೆಯೇ ಚಮೋಲಿ ಜಿಲ್ಲೆಗೆ ಕುಸಿತದ ಎಚ್ಚರಿಕೆ ಹೊರಟಿತ್ತು. ಭಾರತದಲ್ಲಿ ಈ ಕೆಲಸ ರಕ್ಷಣಾ ಸಂಶೋಧನಾ ಸಂಸ್ಥೆಯದು. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಅಧ್ಯಯನ ಕೇಂದ್ರ 2020ರಲ್ಲಿ ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿ ಈಗ ಚಂಡೀಗಢದಿಂದ ನಡೆಯುತ್ತಿದೆ. ಸೇನಾ ಠಾಣೆಗಳು, ಗಡಿ ರಸ್ತೆಗಳು ಅದರ ಮೊದಲ ಕಾಳಜಿ. ಪ್ರಕಟಣೆ ಇರುವುದು ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿ. ಕೇದಾರಕಂಠದ ಕೊನೆಯ ಏರು, ಕುಆರಿ ಪಾಸಿನ ಅಡ್ಡಹಾದಿ ಎಂದು ಚಾರಣದ ಒಂದೊಂದು ಇಳಿಜಾರಿಗೆ ಹೊಂದಿಸಿ ಬರೆದದ್ದಲ್ಲ. ಯುರೋಪಿನ ದೇಶಗಳು 1993ರಲ್ಲಿ ಒಪ್ಪಿದ, ಅಪಾಯ ಸೂಚಿಸುವ ಐದು ಹಂತಗಳ ಅಳತೆಗೋಲು ಈಗ ಬಹುತೇಕ ಕಡೆ ಬಳಕೆಯಲ್ಲಿದೆ. ಅಲ್ಲಿಯ ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಐದನೆಯ ಹಂತದಲ್ಲಿ ಅಲ್ಲವೇ ಅಲ್ಲ, ಮೂರನೆಯದರಲ್ಲಿ. ಐದರ ದಿನ ಯಾರೂ ಹೊರಗೆ ಕಾಲಿಡುವುದಿಲ್ಲ. ಮೂರರ ದಿನ ಬಿಸಿಲಿರುತ್ತದೆ, ಹಿಮ ಮೆತ್ತಗಿರುತ್ತದೆ, ಬೇರೆಯವರ ಹೆಜ್ಜೆಗಳೂ ಕಾಣುತ್ತವೆ.

ಬೆಂಗಳೂರು ಇವತ್ತು ಹಿಮಾಲಯ ಚಾರಣದ ದೊಡ್ಡ ತವರು. ಡಿಸೆಂಬರ್ ರಜೆಯಲ್ಲಿ ಕೇದಾರಕಂಠ, ಬ್ರಹ್ಮತಾಲ್ ದಾರಿಯ ಡೇರೆಗಳಲ್ಲಿ ಕನ್ನಡ ಕೇಳದ ರಾತ್ರಿಯಿಲ್ಲ. ಹೊರಡುವ ಮೊದಲು ಬರುವ ಪಟ್ಟಿಯಲ್ಲಿ ಸನ್‌ಸ್ಕ್ರೀನು, ಪಾಂಚೋ, ಟಾರ್ಚಿನ ಹೆಚ್ಚುವರಿ ಬ್ಯಾಟರಿ ಎಲ್ಲ ಇರುತ್ತವೆ. ದಾರಿಯಲ್ಲಿ ಎಷ್ಟು ಡಿಗ್ರಿಯ ಇಳಿಜಾರು ಎಲ್ಲಿದೆ ಎಂಬುದು ಇರುವುದಿಲ್ಲ. ಹೆಚ್ಚಿನ ಜನಪ್ರಿಯ ದಾರಿಗಳು ಕಾಡು ಮತ್ತು ಅಗಲ ಏಣಿನ ಮೇಲೆ ಹಾದುಹೋಗುವುದರಿಂದ ಇದರಿಂದ ತೊಂದರೆಯಾಗುವುದು ಕಡಿಮೆ. ತೊಂದರೆ ಬರುವುದು ಭಾರಿ ಹಿಮ ಬಿದ್ದ ವಾರದಲ್ಲೂ ಶಿಖರದ ದಿನವನ್ನು ಕೈಬಿಡದಿದ್ದಾಗ. ಕೈಬಿಡದಿರಲು ಕಾರಣ ಬಹುಮಟ್ಟಿಗೆ ಡೆಹ್ರಾಡೂನಿನಿಂದ ಹಿಂದಿರುಗುವ ವಿಮಾನದ ಟಿಕೆಟ್ಟು.

ಸ್ಕೀಗಾರರು, ಶಿಖರ ಹತ್ತುವವರು ಒಯ್ಯಬೇಕಾದ ಉಪಕರಣಗಳು ಮೂರು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹಿಡಿಯುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಮಡಚುವ ಕೋಲು, ಲೋಹದ ಸಲಿಕೆ. ಮೂರೂ ಪ್ರತಿಯೊಬ್ಬರ ಬಳಿಯೂ ಇದ್ದು, ಬಳಸಿ ಅಭ್ಯಾಸವಾಗಿದ್ದರೆ ಮಾತ್ರ ಆ ಹದಿನೈದು ನಿಮಿಷದ ಲೆಕ್ಕಕ್ಕೆ ಅರ್ಥ. ಹೊರಗಿನ ನೆರವು ಬರುವ ಹೊತ್ತಿಗೆ ಸಮಯ ಮೀರಿರುತ್ತದೆ. ಅನುಮಾನದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬರಾದ ಮೇಲೆ ಒಬ್ಬರು ಹೋಗಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು. ದಾಟಿದವರು ಅದರ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಾರದು.

ಮಾರ್ಚ್ ಬಂದಂತೆ ಅಪಾಯದ ಸ್ವರೂಪ ಬದಲಾಗುತ್ತದೆ. ಬಿಸಿಲಿನ ನೀರು ಪದರಗಳೊಳಗೆ ಇಳಿದು ಬೆಸುಗೆಗಳನ್ನು ಕರಗಿಸುತ್ತದೆ. ಒದ್ದೆ ಹಿಮದ ಕುಸಿತ ನಿಧಾನ, ಆದರೆ ಭಾರ ಎಷ್ಟೋ ಪಾಲು ಹೆಚ್ಚು; ಮರಗಳನ್ನು, ಬಂಡೆಗಳನ್ನು ಹೊತ್ತು ತರುತ್ತದೆ. ಇದಕ್ಕೊಂದು ವೇಳಾಪಟ್ಟಿಯಾದರೂ ಇದೆ. ಪೂರ್ವದ ಮೈ ಬೆಳಿಗ್ಗೆ, ದಕ್ಷಿಣದ್ದು ನಡುಹಗಲು, ಪಶ್ಚಿಮದ್ದು ಸಂಜೆ ಸಡಿಲವಾಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದು ಮೈ ಹೆಪ್ಪುಗಟ್ಟಿದ್ದರೆ ಬೆಳಗಿನ ನಾಲ್ಕೈದು ಗಂಟೆಗಳು ಸಿಗುತ್ತವೆ. ಮೋಡ ಕವಿದ ರಾತ್ರಿಯ ಮರುದಿನ ಅದೂ ಇಲ್ಲ. ಋತುವಿನ ಕೊನೆಯಲ್ಲೂ ಭಾರಿ ಹಿಮ ಬಂದರೆ ಏನಾಗುತ್ತದೆಂಬುದಕ್ಕೆ 1979ರ ಮಾರ್ಚಿನ ಲಾಹುಲ್ ಸಾಕ್ಷಿ. ಅಲ್ಲಿ ಸರಣಿ ಕುಸಿತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2012ರ ಏಪ್ರಿಲ್ 7ರಂದು ಸಿಯಾಚಿನ್ನಿನ ಇನ್ನೊಂದು ಮಗ್ಗುಲಿನ ಗಯಾರಿಯಲ್ಲಿ ಪಾಕಿಸ್ತಾನದ ಸೇನಾ ನೆಲೆ ಹೂತು 140 ಮಂದಿ ಮಡಿದರು.

ರಸ್ತೆಗಳ ಮಟ್ಟಿಗೆ ಮನುಷ್ಯ ಸ್ವಲ್ಪ ಮಾಡಬಹುದು: ಕುಸಿತ ಹುಟ್ಟುವ ಕಡೆ ಉಕ್ಕಿನ ಬಲೆ, ಬೇಲಿ; ದಾರಿಯ ಮೇಲೆ ಚಾವಣಿ; ಸಾಧ್ಯವಾದಲ್ಲಿ ಸುರಂಗ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗದಿಂದ ಲಾಹುಲಿನವರಿಗೆ ಚಳಿಗಾಲದಲ್ಲಿ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿದೆ. ರಸ್ತೆಯಿಲ್ಲದ ಬೆಟ್ಟಕ್ಕೆ ಇದಾವುದೂ ಇಲ್ಲ.

ಜೂನ್ ಹೊತ್ತಿಗೆ ಪದರಗಳ ಕಥೆ ಮುಗಿದಿರುತ್ತದೆ. ಬೇಸಿಗೆಯ ಸಾವುಗಳನ್ನೆಲ್ಲ ಹಿಮಕುಸಿತದ ಲೆಕ್ಕಕ್ಕೆ ಬರೆಯುವಂತಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡದಲ್ಲಿ ಒಂಬತ್ತು ಮಂದಿ ಸತ್ತದ್ದು ಬಿರುಗಾಳಿ ಮತ್ತು ಚಳಿಯಿಂದ. ಆ ತಿಂಗಳು ಹಿಮಕುಸಿತದ ಪಳೆಯುಳಿಕೆಯಾಗಿ ಚಾರಣಿಗರಿಗೆ ಎದುರಾಗುವುದು ಕೊರಕಲುಗಳಲ್ಲಿ ಬಿದ್ದಿರುವ ಕೊಳಕು ಹಿಮದ ರಾಶಿಗಳು. ಅವುಗಳಡಿ ಹೊಳೆ ಹರಿದು ಒಳಗೆ ಪೊಳ್ಳಾಗಿ ಸೇತುವೆಗಳಾಗಿರುತ್ತವೆ. ನಡುಭಾಗ ಅಂಚಿಗಿಂತ ದಪ್ಪವಿರಬಹುದು, ಬಂಡೆಗಳ ಸುತ್ತ ಯಾವಾಗಲೂ ತೆಳುವು. ಬೆಳಿಗ್ಗೆ ಗಟ್ಟಿಯಿದ್ದದ್ದು ಮಧ್ಯಾಹ್ನಕ್ಕೆ ಮೆತ್ತಗಾಗುತ್ತದೆ. ದಾಟುವುದಾದರೆ ಬಿಸಿಲೇರುವ ಮೊದಲೇ, ಬೆನ್ನಚೀಲದ ಸೊಂಟದ ಪಟ್ಟಿ ಸಡಿಲಿಸಿಕೊಂಡು, ಕೆಳಗೆ ನೀರಿನ ಸದ್ದು ಜೋರಾಗಿ ಕೇಳುವ ಜಾಗ ಬಿಟ್ಟು.